ಗಂಟಲು ಖಾಲಿಯೇ?

ಆ ಊರಿನಲ್ಲಿ ಯಾರಾದರೂ ಕಾಯಿಲೆಯಾಗಿ ಹಾಸಿಗೆ ಹಿಡಿದರೆ ಮೊದಲು ಹೋಗುವುದು ದನಿ. ತುಟಿ ಆಡುತ್ತದೆ, ಕಣ್ಣು ತಿರುಗುತ್ತದೆ, ನರಳಾಟ ಕೂಡ ಹೊರಗೆ ಬರುವುದಿಲ್ಲ. ಹಾಗಂತ ದನಿ ಎಲ್ಲಿಗೂ ಕಳೆದುಹೋಗುವುದಿಲ್ಲ ನೋಡಿ. ಮಲಗಿದವರ ತುಟಿಗೆ ಮೊದಲ ಗುಟುಕು ನೀರು ಯಾರು ಹಾಕುತ್ತಾರೋ ಅವರ ಗಂಟಲಿಗೆ ಹೋಗಿ ಕೂತುಕೊಳ್ಳುತ್ತದೆ. ಆಮೇಲೆ ಗುಣವಾಗುವವರೆಗೂ ಮಲಗಿದವರ ಮಾತನ್ನು ನೀರು ಕೊಟ್ಟವರೇ ಆಡಬೇಕು. ಕುಂಬಾರನ ಗಡಸು ದನಿ ಕಡ್ಡಿಯಂಥ ದಾದಿಯೊಬ್ಬಳ ಬಾಯಿಂದ ಬರುತ್ತದೆ, ಪಕ್ಕೆ ಹಿಡಿದುಕೊಂಡಿದೆ, ಮಗ್ಗುಲು ಬದಲಿಸು ಅಂತ. ಎಳೆಮಗುವಿನ ಅಳು ತಲೆ ನರೆತ ದಾದಿಯ ಬಾಯಿಂದ ಬರುತ್ತದೆ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಲ್ಲಿ ಬೇರೆ ಥರ ಇರಬಹುದು, ಆ ಊರಲ್ಲಿ ಹೀಗೆ.

ಊರ ನಡುವೆ ಒಂದು ಆರೈಕೆ ಮನೆ. ಉದ್ದನೆಯ ಪಡಸಾಲೆ. ಒಂದು ಕಡೆ ಕಿಟಕಿ ಸಾಲಿನ ಹಾಸಿಗೆಗಳು, ಇನ್ನೊಂದು ಕಡೆ ಬಾಗಿಲ ಸಾಲಿನವು, ನಡುವೆ ಕಂಬದ ಸಾಲು. ಒಂದೊಂದು ಸಾಲಿಗೆ ಒಬ್ಬ ದಾದಿ, ಅವಳ ಗಂಟಲಲ್ಲಿ ಆ ಸಾಲಿನವರ ದನಿಗಳೆಲ್ಲ. ದಾದಿಯರ ಮೇಲೆ ಒಬ್ಬ ದೊಡ್ಡಕ್ಕ. ಪೂರ್ವದ ಬಾಗಿಲಿಗೆ ಗುಣದ ಬಾಗಿಲು ಅನ್ನುತ್ತಿದ್ದರು, ಅದರ ಮೇಲೊಂದು ಗಂಟೆ ತೂಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಊರ ಯಜಮಾನರು ಬಂದು ಒಂದೊಂದು ಹಾಸಿಗೆಯ ಮುಂದೆ ನಿಂತು ಆ ಸಾಲಿನ ದಾದಿಯನ್ನು ಕೇಳುತ್ತಿದ್ದರು, “ಗಂಟಲು ಖಾಲಿಯೇ?” ದಾದಿ ರೋಗಿಯ ದನಿಯಲ್ಲಿ ಉತ್ತರ ಕೊಟ್ಟರೆ ರೋಗ ಇನ್ನೂ ಇದೆ ಎಂದು ಮುಂದಕ್ಕೆ ಹೋಗುತ್ತಿದ್ದರು. ಉತ್ತರ ಬರದಿದ್ದರೆ ದನಿ ತನ್ನ ಒಡೆಯನ ಹತ್ತಿರ ವಾಪಸ್ಸು ಹೋಗಿದೆ, ಗುಣವಾಗಿದೆ ಎಂದು ಗಂಟೆ ಹೊಡೆಸಿ, ಗುಣದ ಬಾಗಿಲಿನಿಂದ ಮನೆಗೆ ಕಳಿಸುತ್ತಿದ್ದರು. ವಾಪಸ್ಸು ಬಂದ ದನಿ ಹಸಿಯಾಗಿರುತ್ತದೆ, ತಮ್ಮ ಮನೆಯ ಹೊಸ್ತಿಲು ದಾಟುವವರೆಗೆ ಅದನ್ನು ಬಳಸಬಾರದು ಅನ್ನುವುದು ಅಲ್ಲಿನ ಶಾಸ್ತ್ರ. ಆದ್ದರಿಂದ ಗುಣವಾದವರೂ ತುಟಿ ಬಿಗಿಹಿಡಿದೇ ಹೊರಡುತ್ತಿದ್ದರು.

ಹಳೆಯ ದೊಡ್ಡಕ್ಕನ ಕಾಲದಲ್ಲಿ ಆ ಮನೆ ಸಂತೆ. ಸುಳ್ಳು ಯಾಕೆ ಹೇಳಲಿ, ಅವಳೇನು ದೇವತೆಯಲ್ಲ. ಬಾಯಿ ಜೋರು, ಸೆರಗಿನ ತುಂಬ ಗಂಜಿಯ ಕಲೆ, ಒಗೆದ ಹೊದಿಕೆ ಒಣಗಿಸುವುದು ಮರೆತು ಎಷ್ಟೋ ಸಲ ಒದ್ದೆಯದನ್ನೇ ಹೊದಿಸಿಬಿಡುತ್ತಿದ್ದಳು. ಆದರೆ ಪಡಸಾಲೆಯ ನಡುವೆ ಒಂದು ಮಣೆ ಹಾಕಿಕೊಂಡು ಕೂತು, ಕಿವಿಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸುತ್ತ, ಯಾರು ಬಂದರೂ “ಹೇಳವ್ವಾ, ಏನಂತೆ?” ಅನ್ನುತ್ತಿದ್ದಳು. ದಾದಿ ಹೇಳುತ್ತಿದ್ದಳು. ಹೇಳಿದ್ದು ತಪ್ಪಾದರೂ ಬೈಯುತ್ತಿರಲಿಲ್ಲ, ಹೇಳದೆ ಬಚ್ಚಿಟ್ಟವಳಿಗೆ ಮಾತ್ರ ಗ್ರಹಚಾರ ಬಿಡಿಸುತ್ತಿದ್ದಳು. ಪಾಳಿ ಬದಲಾಗುವಾಗ ಒಬ್ಬಳು ಇನ್ನೊಬ್ಬಳಿಗೆ, ಹಾಸಿಗೆಯ ಪಕ್ಕದಲ್ಲೇ ನಿಂತು, ರೋಗಿಯ ಮುಖ ನೋಡಿಕೊಂಡೇ ಎಲ್ಲವನ್ನೂ ಒಪ್ಪಿಸಬೇಕಿತ್ತು.

ಹೊಸದಾಗಿ ಬಂದ ದಾದಿಯರನ್ನು ಅವಳು ಮೊದಲ ದಿನವೇ ಕೂರಿಸಿಕೊಂಡು ಹೆದರಿಸುತ್ತಿದ್ದಳು. ರೋಗಿಯ ದನಿ ನಿನ್ನ ಗಂಟಲಲ್ಲಿದೆ ಅಂತ ಅದರಲ್ಲಿ ನಿನ್ನ ಮಾತು ಆಡೀಯೆ, ಅನ್ನುತ್ತಿದ್ದಳು. ಹಾಗೆ ಆಡಿದರೆ ಆ ದನಿ ಮತ್ತೆ ಒಡೆಯನ ಹತ್ತಿರ ಹೋಗುವುದಿಲ್ಲ. ನಿನ್ನ ದನಿಯನ್ನು ಹೊರಗೆ ತಳ್ಳಿ ಸಾಯುವ ತನಕ ಅದೇ ಕೂತುಬಿಡುತ್ತದೆ. ಯಾರೂ ಹಾಗೆ ಮಾಡಿದ್ದು ಯಾರಿಗೂ ನೆನಪಿರಲಿಲ್ಲ, ಆದರೂ ಎಲ್ಲರೂ ಹೆದರುತ್ತಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ರೋಗಿ ಸತ್ತರೆ ಅವನ ಕೊನೆಯ ಮಾತು ದಾದಿಯ ಗಂಟಲಲ್ಲೇ ಉಳಿಯುತ್ತದೆ. ಅದು ತಾನಾಗಿ ಹೊರಗೆ ಬರದು. ದೊಡ್ಡಕ್ಕನಾದವಳು ಎದುರಿಗಿದ್ದು, ತನ್ನ ದನಿಯಲ್ಲಿ “ಒಪ್ಪಿಸು” ಅನ್ನಬೇಕು. ಹಳೆಯವಳು ಸತ್ತವರ ಮನೆಯವರನ್ನೆಲ್ಲ ಕೂರಿಸಿಕೊಂಡು, ದಾದಿಯ ಕೈ ಹಿಡಿದುಕೊಂಡು, “ಒಪ್ಪಿಸಮ್ಮಾ” ಅನ್ನುತ್ತಿದ್ದಳು. ಆಗ ಆ ಮಾತು ಹೊರಗೆ ಬರುತ್ತಿತ್ತು. ಮನೆಯವರು ಅತ್ತು, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ದಾದಿಯೂ ಹಗುರಾಗಿ ಊಟಕ್ಕೆ ಹೋಗುತ್ತಿದ್ದಳು.

ಯಜಮಾನರಿಗೆ ಮಾತ್ರ ಆ ಗದ್ದಲ ಸೇರುತ್ತಿರಲಿಲ್ಲ. ಹೊರಗಿನ ಊರಿನವರು ಬಂದರೆ ಮುಖ ತೋರಿಸುವುದು ಹೇಗೆ ಅನ್ನುತ್ತಿದ್ದರು. ಹಳೆಯವಳು ಕಣ್ಣು ಮುಚ್ಚಿದ ಮೇಲೆ ಅವರೇ ಹುಡುಕಿ ಹೊಸ ದೊಡ್ಡಕ್ಕನನ್ನು ತಂದು ಕೂರಿಸಿದರು. ಕೂರಿಸಿದರು ಅಂದೆನೇ? ಅವಳು ಕೂತದ್ದನ್ನು ಯಾರೂ ಕಂಡವರಿಲ್ಲ. ಮಣೆಯನ್ನು ಎತ್ತಿಸಿ ಅಟ್ಟಕ್ಕೆ ಹಾಕಿಸಿದಳು. ನೆಲ ಉಜ್ಜಿಸಿದಳು, ಹೊದಿಕೆಗಳಿಗೆ ನೀಲಿ ಹಾಕಿಸಿದಳು, ಎಲ್ಲ ಸರಿ. ಆಮೇಲೆ ದಾದಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಒಂದೊಂದು ಬಿಳಿ ಬಟ್ಟೆ ಕೊಟ್ಟಳು. ಬಾಯಿಗೆ ಕಟ್ಟಿಕೊಳ್ಳಿ ಅಂದಳು. ಗದ್ದಲವೇ ರೋಗ, ಅದು ಇಲ್ಲದ ಕಡೆ ರೋಗವೂ ಇಲ್ಲ ಅಂದಳು. ದಿನಕ್ಕೊಂದು ಸಲ ಸುತ್ತು ಬರುತ್ತೇನೆ, ನಾನು ಬೆರಳೆತ್ತಿದಾಗ ಬಿಚ್ಚಿ ಹೇಳಿ, ಆಮೇಲೆ ಕಟ್ಟಿ. ಅಷ್ಟೇ.

ಮೊದಮೊದಲು ಬೆರಳೆತ್ತಿದಾಗ ದಾದಿಯರು ಹೇಳುತ್ತಿದ್ದರು. ಕಂಬದ ಸಾಲಿನವಳು, ನನ್ನ ಗಾಯ ವಾಸನೆ ಬರ್ತಿದೆ ಅಂತ ರೋಗಿಯ ದನಿಯಲ್ಲಿ ಹೇಳಿದಳು. ಹೊಸ ದೊಡ್ಡಕ್ಕ ತಣ್ಣಗೆ ಕೇಳಿಸಿಕೊಂಡಳು, ಮಾರನೆಯ ದಿನ ಅವಳನ್ನು ಹಂಡೆ ಉಜ್ಜಲು ಹಾಕಿದಳು. ನಿನ್ನ ಸಾಲಿನಲ್ಲಿ ಗಾಯ ವಾಸನೆ ಬರುತ್ತದೆ ಅಂದರೆ ತಪ್ಪು ನಿನ್ನದೇ ಅಲ್ಲವೇ ಅಂದಳಂತೆ. ಇನ್ನೊಬ್ಬಳು, ಕಷಾಯ ಆಗಿಬರ್ತಿಲ್ಲ ಅಂದಳು, ಅವಳಿಗೂ ಹಂಡೆ. ಆಮೇಲೆ ಬೆರಳೆತ್ತಿದರೂ ಬಟ್ಟೆ ಬಿಚ್ಚುವವರು ಇರಲಿಲ್ಲ. ಬೆರಳು ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು, ಮುಂದಿನ ಸಾಲಿಗೆ ಹೋಗುತ್ತಿತ್ತು.

ಈಗ ಆ ಊರಿನವರ ಬುದ್ಧಿವಂತಿಕೆ ನೋಡಿ. ದೀಪದ ಹೊತ್ತಿಗೆ ಯಜಮಾನರು ಬಂದರು. ಗಂಟಲು ಖಾಲಿಯೇ ಎಂದು ಕೇಳಿದರು. ದಾದಿಯಿಂದ ಉತ್ತರವಿಲ್ಲ. ಮುಂದಿನ ಹಾಸಿಗೆ, ಗಂಟಲು ಖಾಲಿಯೇ? ಉತ್ತರವಿಲ್ಲ. ಯಜಮಾನರ ಮುಖ ಅರಳಿತು. ಗಂಟೆ ಬಾರಿಸಿದ್ದೇ ಬಾರಿಸಿದ್ದು. ಊರ ತುಂಬ ಸಕ್ಕರೆ ಹಂಚಿದರು. ಬಟ್ಟೆ ಕಟ್ಟಿದ ಬಾಯಿ ಉತ್ತರ ಕೊಡುವುದಾದರೂ ಹೇಗೆ ಅಂತ ಒಬ್ಬನಿಗೂ, ಒಬ್ಬನೇ ಒಬ್ಬನಿಗೂ ಹೊಳೆಯಲಿಲ್ಲ. ದಾದಿ ಸುಮ್ಮನಿದ್ದರೆ ರೋಗಿ ಗುಣವಾದ ಅಂತ ಅವರಪ್ಪ ಅಜ್ಜಂದಿರ ಕಾಲದಿಂದ ನಂಬಿದ್ದರು, ನಂಬಿಕೊಂಡೇ ಹೋದರು. ಮಲಗಿದವರು ತಲೆ ಅಲ್ಲಾಡಿಸಿದರೆ ಸಂತೋಷಕ್ಕೆ ಅಲ್ಲಾಡಿಸಿದರು ಅಂದುಕೊಂಡರು. ಗುಣದ ಬಾಗಿಲು ದಾಟಿದವರು ದಾರಿಯಲ್ಲೇ ಸತ್ತರೆ ಅದು ಅವರವರ ಹಣೆಬರಹ, ಆರೈಕೆ ಮನೆಗೆ ಸಂಬಂಧವಿಲ್ಲ. ಹೊಸ ದೊಡ್ಡಕ್ಕನಿಗೆ ಶಾಲು ಹೊದಿಸಿದರು.

ಕಿಟಕಿ ಸಾಲಿನ ದಾದಿ ಇದನ್ನೆಲ್ಲ ನೋಡುತ್ತಿದ್ದಳು. ನಮ್ಮ ಕತೆ ಇವಳದು. ಹಳೆಯವಳ ಕೈಕೆಳಗೆ ಕೆಲಸ ಕಲಿತವಳು, ಮಾತಿನ ಮಲ್ಲಿ ಅಂತ ಹೆಸರು ಪಡೆದಿದ್ದವಳು, ಈಗ ಎಲ್ಲರ ಹಾಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು. ಹೊಟ್ಟೆಪಾಡು ಅಂದುಕೊಳ್ಳುತ್ತಿದ್ದಳು. ನನ್ನೊಬ್ಬಳಿಂದ ಏನಾಗುತ್ತೆ ಅಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಳ್ಳುತ್ತಿರುವಾಗಲೇ ಒಂದು ದಿನ ಅವಳ ಅವ್ವನನ್ನು ಹೊತ್ತು ತಂದರು.

ಹೆತ್ತವರಿಗೆ ಮಕ್ಕಳು ನೀರು ಹಾಕುವಂತಿರಲಿಲ್ಲ. ರಕ್ತಸಂಬಂಧಿಗಳ ಗಂಟಲಿಗೆ ದನಿ ಬಂದರೆ ಅಳುವಿನಲ್ಲೇ ಕರಗಿಹೋಗುತ್ತದೆ ಅಂತ. ಹಾಗಾಗಿ ಅವ್ವನನ್ನು ಎದುರಿನ ಬಾಗಿಲ ಸಾಲಿನಲ್ಲಿ ಮಲಗಿಸಿದರು. ಬಾಗಿಲ ಸಾಲಿನ ದಾದಿ ಇವಳ ಜೀವದ ಗೆಳತಿ. ಅವ್ವನ ಜೊತೆ ಮನೆಯಿಂದ ತಂದಿದ್ದ ತಾಮ್ರದ ಲೋಟದಲ್ಲಿ ಅವಳೇ ನೀರು ಕೊಟ್ಟಳು. ಅವ್ವನ ದನಿ ಅವಳ ಗಂಟಲಿಗೆ ಹೋಯಿತು, ಹೋಗಿದ್ದು ಕಣ್ಣಲ್ಲಿ ಕಂಡಿತು. ಅವ್ವ ಮಲಗಿದಲ್ಲಿಂದಲೇ ಮಗಳನ್ನು ನೋಡಿ ನಗುತ್ತಿದ್ದಳು. ಬಟ್ಟೆ ಕಟ್ಟಿದ್ದರೂ ಮಗಳ ಗುರುತು ಹತ್ತಿತ್ತು.

ದಿನ ಹೋದ ಹಾಗೆ ಅವ್ವನ ತುಟಿ ಒಡೆಯಿತು. ಕೈ ಏನನ್ನೋ ತೋರಿಸುತ್ತಿತ್ತು. ಬಾಗಿಲ ಸಾಲಿನ ದಾದಿಯ ಗಂಟಲು ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಹೊಸ ದೊಡ್ಡಕ್ಕ ಬಂದು ಬೆರಳೆತ್ತಿದಾಗ ಆಕೆಯ ಕೈ ಬಟ್ಟೆಯ ಗಂಟಿನವರೆಗೂ ಹೋಯಿತು. ದೊಡ್ಡಕ್ಕ ಸುಮ್ಮನೆ ನೋಡಿದಳು. ಬೈಯಲಿಲ್ಲ, ಗದರಲಿಲ್ಲ, ನೋಡಿದಳು ಅಷ್ಟೇ. ಕೈ ಕೆಳಗಿಳಿಯಿತು. ಬೆರಳು ಮುಂದಿನ ಹಾಸಿಗೆಗೆ ಹೋಯಿತು.

ಅವತ್ತೇ ಸಂಜೆ ಯಜಮಾನರು ಅವ್ವನ ಮುಂದೆ ನಿಂತು, ಗಂಟಲು ಖಾಲಿಯೇ ಅಂದರು. ಗೆಳತಿ ಸುಮ್ಮನಿದ್ದಳು. ಅವ್ವನನ್ನು ಎತ್ತಿ ಕೂರಿಸಿ, ಕುಂಕುಮ ಇಟ್ಟು, ಮಡಿಲಿಗೆ ಬಾಳೆಹಣ್ಣು ಹಾಕಿ ಗುಣದ ಬಾಗಿಲಿಗೆ ಹೊತ್ತುಕೊಂಡು ಹೋದರು. ಕಿಟಕಿ ಸಾಲಿನ ದಾದಿ ಎದುರಿಗೇ ಇದ್ದಳು. ಅವಳ ಕೈಯೂ ಗಂಟಿನವರೆಗೆ ಹೋಗಿತ್ತು. ಗಂಟೆ ಹೊಡೆಯಿತು. ಅದರ ನಾದ ಇನ್ನೂ ಗಾಳಿಯಲ್ಲಿ ಇರುವಾಗಲೇ, ಹೊಸ್ತಿಲ ಆಚೆ, ಅವ್ವನ ಕತ್ತು ವಾಲಿತು.

ಆಮೇಲೆ ಬಾಗಿಲ ಸಾಲಿನ ದಾದಿ ಮನೆಯಲ್ಲೂ ಮಾತಾಡಲಿಲ್ಲ. ಅವ್ವನ ಕೊನೆಯ ಮಾತು ಗಂಟಲಿಗೆ ಅಡ್ಡ ಸಿಕ್ಕಿಕೊಂಡಿತ್ತು, ಅವಳ ಸ್ವಂತ ದನಿಗೂ ದಾರಿ ಬಿಡಲಿಲ್ಲ. ಕಿಟಕಿ ಸಾಲಿನ ದಾದಿ ಬಾಯಿಬಟ್ಟೆ ಸರಿಸಿ ಹೊಸ ದೊಡ್ಡಕ್ಕನ ಕಾಲಿಗೆ ಬಿದ್ದಳು. ಒಂದೇ ಒಂದು ಸಲ ಅವಳಿಗೆ ಒಪ್ಪಿಸು ಅನ್ನಿ, ನನ್ನ ಅವ್ವ ಏನಂದಳೋ ಕೇಳಿಬಿಡುತ್ತೇನೆ ಅಂತ ಬೇಡಿಕೊಂಡಳು. ದೊಡ್ಡಕ್ಕ ಕಾಲು ಹಿಂದಕ್ಕೆ ತೆಗೆದುಕೊಂಡಳು.

“ಸತ್ತವರ ಮಾತು ಕಟ್ಟಿಕೊಂಡು ಏನಾಗಬೇಕು? ಹೋಗು, ನಿನ್ನ ಕಿಟಕಿ ಸರಳು ಧೂಳು ಹಿಡಿದಿದೆ.”

ಹೋಗಿ ಸರಳು ಒರೆಸಿದಳು. ಒರೆಸುತ್ತ ಒರೆಸುತ್ತ ಹಲ್ಲು ಕಚ್ಚಿದಳು. ಅವತ್ತಿನಿಂದ ಅವಳಿಗೆ ಹಗೆಯೇ ಊಟ, ಹಗೆಯೇ ನಿದ್ದೆ. ಕೆಲಸದಲ್ಲಿ ಒಂದು ಲೋಪ ತೋರಿಸಲಿಲ್ಲ. ಅವಳ ಸಾಲಿನ ಹೊದಿಕೆ ಎಲ್ಲಕ್ಕಿಂತ ಬಿಳುಪು, ಅವಳ ಬಾಯಿಬಟ್ಟೆ ಎಲ್ಲಕ್ಕಿಂತ ಬಿಗಿ. ಯಜಮಾನರು ಅವಳನ್ನು ತೋರಿಸಿ ದಾದಿ ಅಂದರೆ ಹೀಗಿರಬೇಕು ಅನ್ನುತ್ತಿದ್ದರು. ಅವ್ವನ ತಾಮ್ರದ ಲೋಟವನ್ನು ದಿನಾ ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿ, ಕಿಟಕಿಯ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಯಾವ ರೋಗಿಗೂ ಅದರಲ್ಲಿ ನೀರು ಕೊಡುತ್ತಿರಲಿಲ್ಲ. ಅದು ಯಾರಿಗೆ ಮೀಸಲು ಅಂತ ದಾದಿಯರಿಗೆಲ್ಲ ಗೊತ್ತಿತ್ತು. ಮನುಷ್ಯಳಾದ ಮೇಲೆ ಈ ದೊಡ್ಡಕ್ಕನೂ ಒಂದಲ್ಲ ಒಂದು ದಿನ ಬೀಳಬೇಕಲ್ಲ, ಬೀಳಲಿ. ಬಿದ್ದ ದಿನ ಮೊದಲ ಗುಟುಕು ನಾನು ಹಾಕುತ್ತೇನೆ. ಅವಳ ದನಿ ನನ್ನ ಗಂಟಲಿಗೆ ಬರಲಿ. ಆಮೇಲೆ ನಾನು ಅವಳು ಕಲಿಸಿದಂತೆಯೇ ಇರುತ್ತೇನೆ, ತುಟಿ ಪಿಟಿಕ್ಕೆನ್ನುವುದಿಲ್ಲ. ಅವಳಿಗೂ ಕುಂಕುಮ ಇಡಲಿ, ಅವಳ ಮಡಿಲಿಗೂ ಬಾಳೆಹಣ್ಣು ಹಾಕಲಿ, ಅವಳಿಗೂ ಗಂಟೆ ಹೊಡೆಯಲಿ.

ಬಿದ್ದಳು. ಎಷ್ಟೋ ವರ್ಷದ ಮೇಲೆ ಒಂದು ದಿನ, ಬೆರಳೆತ್ತಿಕೊಂಡು ಸುತ್ತು ಬರುತ್ತಿದ್ದವಳು ಕಿಟಕಿ ಸಾಲಿನ ಮುಂದೆಯೇ, ಎತ್ತಿದ ಬೆರಳು ಇಳಿಸುವ ಮೊದಲೇ ಕುಸಿದಳು. ದಾದಿಯರು ಕದಲಲಿಲ್ಲ. ದೊಡ್ಡಕ್ಕ ಬೀಳುವಾಗ ಏನು ಮಾಡಬೇಕು ಅಂತ ದೊಡ್ಡಕ್ಕ ಹೇಳಿರಲಿಲ್ಲವಲ್ಲ! ಕಿಟಕಿ ಸಾಲಿನ ದಾದಿ ಮಾತ್ರ ಲೋಟ ಹಿಡಿದು ಓಡಿದಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಬಿಡಿಸಿ, ಒಂದು ಗುಟುಕು ಹಾಕಿದಳು. ನೋಡಿದವರಿಗೆ ಎಂಥ ಮಮತೆ ಅನ್ನಿಸಬೇಕು. ದನಿ ಬಂತು. ಕಾದ ಕಬ್ಬಿಣದ ಸರಳು ನುಂಗಿದ ಹಾಗೆ ಗಂಟಲು ಸುಟ್ಟಿತು. ಎದ್ದು ಲೋಟವನ್ನು ಗೂಡಿಗೆ ಇಟ್ಟು, ಬಾಯಿಬಟ್ಟೆ ಬಿಚ್ಚಿ, ಮತ್ತೆ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿಕೊಂಡಳು.

ಹೊಸ ದೊಡ್ಡಕ್ಕನನ್ನು ಬಾಗಿಲ ಸಾಲಿನಲ್ಲಿ ಮಲಗಿಸಿದರು. ಅವ್ವ ಮಲಗಿದ್ದ ಹಾಸಿಗೆಯೇ ಆಗಬೇಕೆಂದು ಕಿಟಕಿ ಸಾಲಿನ ದಾದಿ ಕಣ್ಣಲ್ಲೇ ತೋರಿಸಿದ್ದಳು. ಪಕ್ಕದಲ್ಲಿ ಕೂತಳು. ದೊಡ್ಡಕ್ಕನ ಕಣ್ಣು ಅವಳ ಮುಖ ನೋಡಿತು, ಗಂಟು ನೋಡಿತು, ಗೂಡಿನಲ್ಲಿದ್ದ ಲೋಟ ನೋಡಿತು, ಆಮೇಲೆ ಗುಣದ ಬಾಗಿಲು ನೋಡಿತು. ಎಲ್ಲ ಅರ್ಥವಾಯಿತು ಅವಳಿಗೆ. ದಡ್ಡಿಯೇನಲ್ಲ.

ದಾದಿಯ ಗಂಟಲಲ್ಲಿ ಆ ದನಿ ಎದ್ದಿತು. ನೀರು, ಅಂದಿತು. ನುಂಗಿಕೊಂಡಳು. ಮತ್ತೆ ಎದ್ದಿತು, ನೀರು. ಮತ್ತೆ ನುಂಗಿದಳು. ನುಂಗಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತಿತ್ತು. ಇಷ್ಟು ವರ್ಷ ಉರಿದ ಹೊಟ್ಟೆ, ಪಾಪ, ತಣ್ಣಗಾಗಲಿ ಅಂತಲೇ ನನಗೂ ಅನ್ನಿಸುತ್ತದೆ. ಮೊದಲು ಕೆಲವು ಸಲ ಆಜ್ಞೆಯ ಹಾಗೆ ಏಳುತ್ತಿದ್ದ ಮಾತು, ಮಧ್ಯಾಹ್ನದ ಹೊತ್ತಿಗೆ ಬೇಡುವ ಹಾಗೆ ಏಳತೊಡಗಿತು. ದಾದಿಯರು ಒಬ್ಬೊಬ್ಬರಾಗಿ ಬಂದು ಹಾಸಿಗೆಯ ಸುತ್ತ ನಿಂತರು. ಯಾರೂ ಗಂಟು ಬಿಚ್ಚಲಿಲ್ಲ. ಹಂಡೆ ಉಜ್ಜಿ ಕೈ ಸೀಳಿಸಿಕೊಂಡ ಕಂಬದ ಸಾಲಿನವಳು ಕಿಟಕಿ ಸಾಲಿನವಳ ಭುಜ ತಟ್ಟಿದಳು. ಆ ಬಿಳಿಬಟ್ಟೆಗಳ ಹಿಂದೆ ಎಲ್ಲರೂ ನಗುತ್ತಿದ್ದರು ಅಂದರೆ ನಂಬಿ. ಬೇರೆ ಹಾಸಿಗೆಗಳಲ್ಲಿ ಮಲಗಿದವರ ತುಟಿಗಳು ಆಡುತ್ತಿದ್ದವು, ಅವತ್ತು ಆ ಕಡೆ ಯಾರೂ ತಿರುಗಿ ನೋಡಲಿಲ್ಲ.

ಬಾಗಿಲ ಸಾಲಿನ ದಾದಿ ಕೊನೆಯಲ್ಲಿ ಬಂದಳು. ಅವಳ ಉಬ್ಬಿದ ಗಂಟಲು ನೋಡಿದ್ದೇ ತಡ, ಕಿಟಕಿ ಸಾಲಿನವಳಿಗೆ ಒಂದು ಯೋಚನೆ ಬಂತು. ದೊಡ್ಡಕ್ಕ ಎದುರಿಗಿದ್ದಾಳೆ. ದೊಡ್ಡಕ್ಕನ ದನಿ ನನ್ನ ಗಂಟಲಲ್ಲಿದೆ. ಒಂದು ಮಾತು ಅಂದರೆ ಸಾಕು, ಅವ್ವ ಏನಂದಳು ಅಂತ ಗೊತ್ತಾಗುತ್ತದೆ. ಇವಳೂ ಸಾಯುವ ಮುಂಚೆ ಕೇಳಿಸಿಕೊಂಡೇ ಸಾಯಬೇಕು, ಸತ್ತ ಒಬ್ಬೊಬ್ಬರ ಮಾತನ್ನೂ, ಕಡೆಯಲ್ಲಿ ನನ್ನ ಅವ್ವನದನ್ನು. ಅವ್ವ ಶಪಿಸಿಯೇ ಇರುತ್ತಾಳೆ. ಆ ಶಾಪ ಇವಳ ಕಿವಿಗೆ ಬೀಳಲಿ. ಹಳೆಯ ದೊಡ್ಡಕ್ಕ ಹೆದರಿಸಿದ್ದು ನೆನಪಿಲ್ಲದೆ ಇಲ್ಲ. ಈ ದನಿಯಲ್ಲಿ ನನ್ನ ಮಾತು ಆಡಿದರೆ ಇದು ಸಾಯುವವರೆಗೂ ನನ್ನಲ್ಲೇ ಉಳಿಯುತ್ತದೆ. ಉಳಿದರೆ ಉಳಿಯಲಿ, ಹಾಳಾಗಿ ಹೋಗಲಿ ಅಂದುಕೊಂಡಳು. ಗಂಟು ಕಿತ್ತೆಸೆದಳು.

“ಬಾಯಿ ಬಿಚ್ಚಿ,” ಅಂದಳು. ಪಡಸಾಲೆ ನಡುಗಿತು, ಅದು ಹೊಸ ದೊಡ್ಡಕ್ಕನದೇ ದನಿ. “ನುಂಗಿದ್ದನ್ನೆಲ್ಲ ಇವಳ ಮುಂದೆ ಒಪ್ಪಿಸಿ.”

ಆ ದನಿಗೆ ವಿಧೇಯರಾಗಿ ಅಭ್ಯಾಸವಾಗಿದ್ದ ಕೈಗಳು ತಾವಾಗಿಯೇ ಮೇಲೆದ್ದವು. ಬಿಳಿಬಟ್ಟೆಗಳು ಕಳಚಿ ನೆಲಕ್ಕೆ ಬಿದ್ದವು. ಕಂಬದ ಸಾಲಿನವಳು ಮುಂದೆ ಬಂದು ದೊಡ್ಡಕ್ಕನ ಕಿವಿಗೆ ಬಾಗಿದಳು. ಗಾಯ ಕೊಳೆತು ಸತ್ತವನ ದನಿಯಲ್ಲಿ, ಕಾಲು ತೆಗೆದರೂ ಪರವಾಗಿಲ್ಲ, ಜೀವ ಉಳಿಸ್ರಪ್ಪಾ ಅಂದಳು. ಕಷಾಯದ ದಾದಿ ಬಂದು, ಹೊಟ್ಟೇಲಿ ಬೆಂಕಿ ಬಿದ್ದಂಗಾಗ್ತದೆ, ಇನ್ನು ಕುಡಿಸಬೇಡಿ ಅಂದಳು. ತಲೆ ನರೆತವಳು ಬಂದಳು, ಅವಳ ಬಾಯಿಂದ ಮಾತು ಬರಲಿಲ್ಲ, ಎಳೆಮಗುವಿನ ಅಳು ಬಂತು, ಹಸಿವಿನ ಅಳು, ಬಿಕ್ಕಿ ಬಿಕ್ಕಿ ನಿಂತುಹೋಯಿತು. ಸತ್ತವರು ಸಾಲುಗಟ್ಟಿ ಬಂದರು. ಒಂದು ಮಾತು ಮುಗಿದರೆ ಇನ್ನೊಂದು. ಹೊಸ ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಳು. ಕಿವಿ ಮುಚ್ಚಿಕೊಳ್ಳಲು ಕೈ ಏಳಲಿಲ್ಲ. ಕಿಟಕಿ ಸಾಲಿನ ದಾದಿ ಅವಳ ರೆಪ್ಪೆಗಳನ್ನು ಬೆರಳಲ್ಲಿ ಬಿಡಿಸಿ ಹಿಡಿದಳು. ಕೇಳು, ಅಂದಳು ಅದೇ ದನಿಯಲ್ಲಿ. ಅವಳ ಗಂಟಲೊಳಗೆ ನೀರು ನೀರು ಅನ್ನುವುದು ನಿಂತಿರಲಿಲ್ಲ. ಅದನ್ನು ಮಾತ್ರ ಅವಳು ಹೊರಗೆ ಬಿಡಲಿಲ್ಲ.

ಎಲ್ಲರೂ ಮುಗಿದ ಮೇಲೆ ಬಾಗಿಲ ಸಾಲಿನ ಗೆಳತಿ ಉಳಿದಳು. ಕಿಟಕಿ ಸಾಲಿನವಳು ಅವಳ ಕೈ ಹಿಡಿದಳು. ದೊಡ್ಡಕ್ಕನ ಕಡೆ ತಿರುಗಿ, “ಇದು ನನ್ನ ಅವ್ವ. ಸರಿಯಾಗಿ ಕೇಳಿಸ್ಕೊ,” ಅಂದಳು. ಆಮೇಲೆ ಗೆಳತಿಗೆ, “ಒಪ್ಪಿಸು.”

ಗೆಳತಿಯ ಗಂಟಲು ಮೆಲ್ಲಗೆ ಇಳಿಯಿತು. ಬಾಯಿ ತೆರೆಯಿತು. ಅವ್ವನೇ ಬಂದು ನಿಂತ ಹಾಗೆ, ಅವ್ವನ ಅದೇ ಎಳೆದು ಎಳೆದು ಆಡುವ ಮಾತು ಪಡಸಾಲೆಯಲ್ಲಿ ಕೇಳಿಸಿತು.

“ನಂದಿರ್ಲಿ ಕಣವ್ವಾ. ಮೊದ್ಲು ಆ ಪಕ್ಕದ ಹಾಸಿಗೆಯವ್ಳಿಗೆ ಒಂದು ಗುಟುಕು ನೀರು ಕೊಡು, ಆಗ್ಲಿಂದ ತುಟಿ ನೆಕ್ಕೋತಾ ಅವ್ಳೆ. ನಂಗೇನು, ನನ್ ಮಗಳು ಇದೇ ಮನೇಲವ್ಳೆ, ನೋಡ್ಕೋತಾಳೆ. ಪಾಪ, ಅವ್ಳಿಗೆ ಯಾರವ್ರೆ?”

ಅಷ್ಟೇ. ಶಾಪವಿಲ್ಲ, ಬೈಗುಳವಿಲ್ಲ, ಹೊಸ ದೊಡ್ಡಕ್ಕನ ಹೆಸರೇ ಇಲ್ಲ. ಕೊನೆಯ ದಿನ ಅವ್ವನ ಕೈ ತೋರಿಸುತ್ತಿದ್ದುದು ಪಕ್ಕದ ಹಾಸಿಗೆಯನ್ನು. ಗೆಳತಿ ಗಂಟು ಬಿಚ್ಚಲು ಹೋದದ್ದು ಈ ಮಾತಿಗೆ. ಕಿಟಕಿ ಸಾಲಿನ ದಾದಿ ಅಲ್ಲೇ ಕೂತಳು. ಮಗಳು ನೋಡ್ಕೋತಾಳೆ. ಮಗಳು ಎದುರಿಗೇ ಇದ್ದಳು, ಬಟ್ಟೆ ಕಟ್ಟಿಕೊಂಡು, ಕಿಟಕಿಗೆ ಆತುಕೊಂಡು, ಬಾಳೆಹಣ್ಣು ಹಾಕಿ ಹೊತ್ತುಕೊಂಡು ಹೋಗುವಾಗಲೂ ನೋಡುತ್ತಲೇ ಇದ್ದಳು. ಇಷ್ಟು ವರ್ಷ ಇನ್ನೊಬ್ಬಳ ಮೇಲೆ ಕಾರಿಕೊಂಡ ವಿಷವೆಲ್ಲ ತಿರುಗಿ ಅವಳ ಎದೆಗೇ ಬಂದು ಬಿತ್ತು. ಗೆಳತಿ ಅಳುತ್ತಿದ್ದಳು, ಎಷ್ಟೋ ಕಾಲದ ಮೇಲೆ ತನ್ನದೇ ದನಿಯಲ್ಲಿ.

ಹಾಸಿಗೆಯ ಮೇಲೆ ಹೊಸ ದೊಡ್ಡಕ್ಕ ತುಟಿ ನೆಕ್ಕಿಕೊಂಡಳು.

ಕಿಟಕಿ ಸಾಲಿನ ದಾದಿ ಅದನ್ನು ನೋಡಿದಳು. ನೋಡಿ ಮುಖ ತಿರುಗಿಸಿದಳು. ಎದ್ದು ಗೂಡಿನ ತನಕ ಹೋದಳು, ಲೋಟ ತೆಗೆದುಕೊಂಡಳು, ಒಂದು ಸಲ ಅದನ್ನು ಗೋಡೆಗೆ ಅಪ್ಪಳಿಸಲು ಕೈ ಮೇಲೆತ್ತಿದ್ದೂ ಉಂಟು. ಅಪ್ಪಳಿಸಲಿಲ್ಲ. ವಾಪಸ್ಸು ಬಂದು, ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ನೀರು ಕುಡಿಸಿದಳು. ಸಿಟ್ಟಿನಿಂದಲೇ ಕುಡಿಸಿದಳು. ಮನಸ್ಸು ಕರಗಿತು ಅಂತ ತಿಳಿಯಬೇಡಿ, ಎಳ್ಳಷ್ಟೂ ಕರಗಿರಲಿಲ್ಲ, ಹಲ್ಲು ಕಚ್ಚಿಯೇ ಇತ್ತು. ಆದರೆ ಕೈ ಕೆಲಸ ಕಲಿತ ಕೈ. ಹನಿಯೂ ಚೆಲ್ಲಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಯಜಮಾನರು ಬಂದರು. ಗಂಟೆ ಹೊಡೆಯುವವನು ಹಗ್ಗ ಹಿಡಿದು ನಿಂತ. ದೊಡ್ಡಕ್ಕನೇ ಬಿದ್ದಳು ಅಂತ ಸುದ್ದಿ ಕೇಳಿ ಕುಂಕುಮ, ಬಾಳೆಹಣ್ಣು, ಶಾಲು ಎಲ್ಲ ಮೊದಲೇ ತಂದಿದ್ದರು. ಅವಳದೇ ಆರೈಕೆ ಮನೆಯಲ್ಲಿ ಅವಳಿಗೇ ಗುಣವಾಗದೆ ಹೋದರೆ ಊರಿನ ಮರ್ಯಾದೆ ಏನಾಗಬೇಕು? ನೆಲದ ಮೇಲೆ ಬಿದ್ದ ಬಿಳಿಬಟ್ಟೆಗಳನ್ನು ತುಳಿದುಕೊಂಡೇ ಬಂದು ಹಾಸಿಗೆಯ ಮುಂದೆ ನಿಂತರು. ಏನು ತುಳಿಯುತ್ತಿದ್ದೇವೆ ಅಂತ ಬಗ್ಗಿ ಕೂಡ ನೋಡಲಿಲ್ಲ.

“ಗಂಟಲು ಖಾಲಿಯೇ?”

ದೊಡ್ಡಕ್ಕನ ಕಣ್ಣು ದಾದಿಯ ಬಾಯಿಯ ಮೇಲೆ ನೆಟ್ಟಿತ್ತು. ಗಂಟೆಯ ಹಗ್ಗ ಬಿಗಿಯಾಯಿತು. ಸುಮ್ಮನಿದ್ದರೆ ಸಾಕಿತ್ತು. ಇಷ್ಟು ವರ್ಷ ಕಾದದ್ದು ಆ ಒಂದು ಗಳಿಗೆಯ ಮೌನಕ್ಕೆ.

“ಖಾಲಿ ಇಲ್ಲ,” ಅಂದಳು ಕಿಟಕಿ ಸಾಲಿನ ದಾದಿ, ಹೊಸ ದೊಡ್ಡಕ್ಕನ ದನಿಯಲ್ಲಿ. “ನನಗೆ ಗುಣವಾಗಿಲ್ಲ. ಎದೆ ಉರೀತಿದೆ, ಎಡಗೈ ಎತ್ತಕ್ಕಾಗ್ತಿಲ್ಲ. ಇಲ್ಲಿ ಯಾರಿಗೂ ಗುಣವಾಗಿಲ್ಲ. ಆ ಹಗ್ಗ ಬಿಡು.”

ಹಗ್ಗ ಹಿಡಿದವನು ಬೆಚ್ಚಿ ಬಿಟ್ಟ. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಂಬದ ಸಾಲಿನಿಂದ ಒಂದು ದನಿ ಎದ್ದಿತು, ನನ್ನ ಮಗ್ಗುಲು ಬದಲಿಸಿ ಅಂತ. ಬಾಗಿಲ ಸಾಲಿನಿಂದ ಇನ್ನೊಂದು. ಆಮೇಲೆ ಎಲ್ಲ ದಾದಿಯರ ಬಾಯಿಂದ ಎಲ್ಲ ಹಾಸಿಗೆಯವರೂ ಒಟ್ಟಿಗೆ ಮಾತಾಡತೊಡಗಿದರು, ಹಸಿವು, ಬಾಯಾರಿಕೆ, ಚಳಿ, ಹೆದರಿಕೆ. ಶಾಲು ಹಿಡಿದುಕೊಂಡು ಬಂದಿದ್ದ ಯಜಮಾನರು ಕಿವಿ ಮುಚ್ಚಿಕೊಂಡು, ಕುಂಕುಮದ ಬಟ್ಟಲು ಅಲ್ಲೇ ಬಿಟ್ಟು ಹೊರಗೆ ಓಡಿದರು. ಅವಸರದಲ್ಲಿ ಗುಣದ ಬಾಗಿಲಿನಿಂದಲೇ ಓಡಿದರು.

ಹೊಸ ದೊಡ್ಡಕ್ಕ ಸಾಯಲಿಲ್ಲ. ಕಿಟಕಿ ಸಾಲಿನ ದಾದಿ ಅವಳನ್ನು ಸಾಯಲು ಬಿಡಲಿಲ್ಲ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡಳು. ಅವಳು ಎದ್ದು ಓಡಾಡುವಂತಾದಳು. ದನಿ ಮಾತ್ರ ವಾಪಸ್ಸು ಹೋಗಲಿಲ್ಲ, ಹಳೆಯವಳು ಹೇಳಿದ್ದು ಸುಳ್ಳಾಗಲಿಲ್ಲ. ಆ ಗಡಸು, ಆ ತಣ್ಣಗಿನ ಕೊಯ್ಯುವ ದನಿ ಕಿಟಕಿ ಸಾಲಿನ ದಾದಿಯಲ್ಲೇ ಉಳಿಯಿತು, ಅವಳ ಸ್ವಂತದ್ದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ದಾದಿಯರೇ ಸೇರಿ ಅವಳನ್ನು ದೊಡ್ಡಕ್ಕ ಅಂದರು. ಅಟ್ಟದಿಂದ ಮಣೆ ಇಳಿಸಿದರು. ಈಗ ಅವಳು ಅಲ್ಲಿ ಕೂತು, ಯಾರು ಬಂದರೂ, “ಹೇಳವ್ವಾ, ಏನಂತೆ?” ಅನ್ನುತ್ತಾಳೆ. ತಾನು ಜನ್ಮವಿಡೀ ದ್ವೇಷಿಸಿದ ದನಿಯಲ್ಲೇ ಅನ್ನುತ್ತಾಳೆ. ಹೊಸ ದಾದಿಯರು ಮೊದಲ ಸಲ ಕೇಳಿದಾಗ ಬೆಚ್ಚಿ ಬೀಳುತ್ತಾರೆ, ಕೆಲವು ದಿನ ಕಳೆದ ಮೇಲೆ ಹೇಳುವುದು ರೂಢಿಯಾಗುತ್ತದೆ. ಮಕ್ಕಳಿಗೆ ಜೋಗುಳ ಹಾಡಲು ಮಾತ್ರ ಅವಳು ಹೋಗುವುದಿಲ್ಲ. ಗೆಳತಿಯನ್ನು ಕಳಿಸುತ್ತಾಳೆ.

ದನಿ ಕಳೆದುಕೊಂಡ ಆ ಹಿಂದಿನ ದೊಡ್ಡಕ್ಕ, ಈಗ ಮುದುಕಿ, ಮಣೆಯ ಪಕ್ಕದಲ್ಲೇ ಒಂದು ಚಾಪೆಯ ಮೇಲೆ ಕೂತಿರುತ್ತಾಳೆ. ಬೆಳಗಿನಿಂದ ಸಂಜೆಯ ತನಕ ಒಪ್ಪಿಸುವ ಮಾತೆಲ್ಲ ಅವಳ ಕಿವಿಗೂ ಬೀಳಬೇಕು, ಒಂದನ್ನೂ ಬಿಡುವಂತಿಲ್ಲ. ಎದ್ದು ಹೋಗುವಂತಿಲ್ಲ. ಅದು ದೊಡ್ಡಕ್ಕನ ಕಟ್ಟಪ್ಪಣೆ. ಸಾಕು ಬಿಡು, ಕ್ಷಮಿಸಿಬಿಡು ಅಂತ ಗೆಳತಿ ಎಷ್ಟೋ ಸಲ ಹೇಳಿದ್ದಾಳೆ. ದೊಡ್ಡಕ್ಕ ಮುಂದಿನ ದಾದಿಯನ್ನು ಕರೆಯುತ್ತಾಳೆ. ಮುದುಕಿ ತುಟಿ ನೆಕ್ಕಿಕೊಂಡದ್ದು ಕಂಡರೆ ಮಾತ್ರ, ಮುಖ ಆ ಕಡೆ ತಿರುಗಿಸಿಕೊಂಡೇ, ತಾಮ್ರದ ಲೋಟ ಮುಂದಕ್ಕೆ ನೂಕುತ್ತಾಳೆ.